ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆದರೂ ಟೈಟರ್ (ರಕ್ತದಲ್ಲಿರುವ ಆಂಟಿಬಾಡಿ ಪ್ರಮಾಣ) 4 ಬಂದಿದೆ, ಮನೆಯವರು ಬಿಡು ಅಂತಿದ್ದಾರೆ, ನರ್ಸ್ ಕೆಲಸ ಬಿಡಬೇಕಾ?

ಕೆಲಸ ಬಿಡುವ ಮಾತು ಪಕ್ಕಕ್ಕಿಡಿ. ಹೆಪಟೈಟಿಸ್ ಬಿ ಲಸಿಕೆ ಮುಗಿದು ನಾಲ್ಕು ವರ್ಷದ ಮೇಲೆ ಮಾಡಿಸಿದ ಟೆಸ್ಟ್ ಅದು. ಆ 4 ನೋಡಿ ನಿಮಗೆ ಲಸಿಕೆ ಕೆಲಸ ಮಾಡಲ್ಲ ಅಂತ ಹೇಳೋಕೆ ಬರಲ್ಲ.

ನಾನು ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಮೂರೂ ಡೋಸ್ ಟ್ರೇನಿಂಗ್‌ನಲ್ಲೇ ಆಗಿದ್ದವು. ಕಾರ್ಡಿನಲ್ಲಿ ಸೀಲ್ ಬಿತ್ತು, ಅಷ್ಟೇ. ಕೊನೆ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ನೋಡಬೇಕು. ಅದನ್ನು ಯಾರೂ ಮಾಡಿಸಲಿಲ್ಲ. ಮುಂದೆ ನೈಟ್ ಡ್ಯೂಟಿಯಲ್ಲಿ ಸೂಜಿ ಚುಚ್ಚಿತು. ರೋಗಿ ಪಾಸಿಟಿವ್. ನನ್ನ ಟೈಟರ್ 10ಕ್ಕಿಂತ ಕಡಿಮೆ, ಅಂದ್ರೆ ರಕ್ಷಣೆ ಇದೆ ಅನ್ನೋ ಮಟ್ಟಕ್ಕಿಂತ ಕೆಳಗೆ.

ಒಮ್ಮೆ 10 ದಾಟಿತ್ತು ಅಂತ ಹಳೆಯ ರಿಪೋರ್ಟ್ ಇದ್ದಿದ್ದರೆ ಸುಮ್ನೆ ಮನೆಗೆ ಹೋಗಿ ಮಲಗಬಹುದಿತ್ತು. ವರ್ಷ ಕಳೆದಂತೆ ಟೈಟರ್ ಇಳಿಯುತ್ತೆ, ದೇಹ ಮಾತ್ರ ವೈರಸ್ಸನ್ನು ಮರೆತಿರಲ್ಲ. ನನ್ನದು ಇಳಿದದ್ದೋ, ಮೊದಲಿನಿಂದಲೇ ಬಂದಿರಲಿಲ್ಲವೋ? ಹೇಳೋಕೆ ಕಾಗದವೇ ಇಲ್ಲ. ಅದಕ್ಕೇ ಡಾಕ್ಟರು ಎಚ್‌ಬಿಐಜಿ ಬೇಕೇ ಬೇಕು ಅಂದರು. ಅದು ಸಿದ್ಧ ಆಂಟಿಬಾಡಿ ಇಂಜೆಕ್ಷನ್, ಆದಷ್ಟು 24 ಗಂಟೆಯೊಳಗೆ ಬೀಳಬೇಕು. ಊರಿನ ಮೆಡಿಕಲ್‌ಗಳಲ್ಲಿ ಸಿಗಲಿಲ್ಲ. ಹೈದರಾಬಾದಿನಿಂದ ಐಸ್ ಡಬ್ಬಿಯಲ್ಲಿಟ್ಟು ಬಸ್ಸಿಗೆ ಕೊಟ್ಟು ಕಳಿಸಿದರು. ದುಡ್ಡು ನನ್ನದೇ. ಆ ಸಣ್ಣ ಟೆಸ್ಟಿನ ಖರ್ಚು ಇದರ ಮುಂದೆ ಏನೂ ಅಲ್ಲ ರೀ.

ಜೊತೆಗೆ ಇನ್ನೊಂದು ಕೋರ್ಸ್ ಲಸಿಕೆ ಹಾಕಿದರು. ಮುಗಿದ ಮೇಲೆ ಸರಿಯಾದ ಸಮಯಕ್ಕೆ ಟೆಸ್ಟ್ ಮಾಡಿಸಿದೆ. ಆಗಲೂ 10 ದಾಟಲಿಲ್ಲ. ಸೋಂಕು ಈಗ ಇದೆಯಾ ಅಂತ ನೋಡುವ ಎಚ್‌ಬಿಎಸ್‌ಎಜಿ, ಯಾವಾಗಲಾದರೂ ತಗಲಿತ್ತಾ ಅಂತ ನೋಡುವ ಆಂಟಿ-ಎಚ್‌ಬಿಸಿ, ಎರಡೂ ಟೆಸ್ಟ್ ನೆಗೆಟಿವ್. ಸೋಂಕು ಇಲ್ಲ, ರಕ್ಷಣೆಯೂ ಇಲ್ಲ. ನಾನ್-ರೆಸ್ಪಾಂಡರ್, ಲಸಿಕೆಗೆ ಆಂಟಿಬಾಡಿ ಬಾರದವರು, ಅಂದ್ರೆ ನಾನು. ಈಗಲೂ ವಾರ್ಡಿನಲ್ಲೇ ಇದ್ದೇನೆ.

ನೀವು ಇನ್ನೊಂದು ಡೋಸ್ ಹಾಕಿಸಿಕೊಳ್ಳಿ. ತೋಳಿಗೇ, ಸೊಂಟಕ್ಕೆ ಬೇಡ. ಒಂದೆರಡು ತಿಂಗಳಿಗೆ ಟೆಸ್ಟ್. 10 ದಾಟಿದರೆ ಮುಗೀತು. ದಾಟದಿದ್ದರೆ ಉಳಿದೆರಡು ಡೋಸ್, ಮತ್ತೆ ಟೆಸ್ಟ್. ಆಗಲೂ ಬರದಿದ್ದರೆ ನಾನು ಮಾಡಿಸಿದ ಆ ಎರಡು ಪರೀಕ್ಷೆ ಮಾಡಿಸಿ, ಯಾಕಂದ್ರೆ ಸೋಂಕು ಮೊದಲೇ ತಗಲಿ ದೇಹದಲ್ಲೇ ಉಳಿದವರಿಗೂ ಟೈಟರ್ ಬರಲ್ಲ. ಆರು ಡೋಸ್ ಆದ ಮೇಲೂ ಏಳು, ಎಂಟು ಅಂತ ಹಾಕಿಸಿಕೊಳ್ಳುತ್ತಾ ಹೋಗೋದು ನನ್ನ ಪ್ರಕಾರ ದುಡ್ಡು ದಂಡ.

ಮನೆಯವರು ಬಿಡು ಅಂತಿದ್ದಾರೆ ಅಂದ್ರಲ್ಲ, ಟೈಟರ್ ಬರದಿರೋದು ರೋಗ ಅಲ್ಲ, ಯಾರಿಗೂ ಅಂಟಲ್ಲ ಅಂತ ಹೇಳಿ. ಸೂಜಿಗೆ ಕ್ಯಾಪ್ ಮಾತ್ರ ವಾಪಸ್ ಹಾಕಬೇಡಿ. ನನ್ನಂತೆ ಆರು ಡೋಸ್ ಆದರೂ ಟೈಟರ್ ಬಾರದವರಿಗೆ ಪಾಸಿಟಿವ್ ರೋಗಿಯ ಸೂಜಿ ಚುಚ್ಚಿದರೆ ಎಚ್‌ಬಿಐಜಿ ಎರಡು ಸಲ ಬೇಕು, ತಿಂಗಳ ಅಂತರದಲ್ಲಿ. ನಿಮ್ಮ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಅದು ಇದೆಯಾ ಅಂತ ನಾಳೆ ಡ್ಯೂಟಿಗೆ ಹೋದಾಗಲೇ ಕೇಳಿ.