ಟಿಟ್ಟಿಭದ ಮರಿಗೆ ಅನ್ನ ಹಾಕಬಹುದಾ?

ಪ್ರಶ್ನೆ: ನಮ್ಮ ಹಸು ಮೇಯುವ ಬೀಳಿನಲ್ಲಿ ಟಿಟ್ಟಿಭ ಮರಿ ಮಾಡಿದೆ. ನಾಲ್ಕು ಮರಿ. ತಾಯಿ ಹಕ್ಕಿ ಅವುಗಳ ಬಾಯಿಗೆ ಏನೂ ಕೊಡುವುದಿಲ್ಲ, ಸುಮ್ನೆ ಕಿರುಚುತ್ತಾ ಸುತ್ತುತ್ತದೆ. ಮರಿ ಹಸಿದು ಸಾಯುತ್ತವೆ ಅಂತ ಮಗಳು ಅಳುತ್ತಾಳೆ. ಅನ್ನ, ರಾಗಿ ಹಾಕಬಹುದಾ ಡಾಕ್ಟ್ರೇ?
– ಓದುಗರೊಬ್ಬರು, ಅಜ್ಜಂಪುರ

ಉತ್ತರ: ಬೇಡಮ್ಮ, ಹಾಕಬೇಡಿ. ಮಗಳಿಗೆ ಧೈರ್ಯ ಹೇಳಿ. ಗುಬ್ಬಿಯ ಹಾಗೆ ಟಿಟ್ಟಿಭ ಗುಟುಕು ಕೊಡುವ ಹಕ್ಕಿಯಲ್ಲ. ಮೊಟ್ಟೆಯೊಡೆದು ಮೈ ಒಣಗಿದ ಮೇಲೆ ಮರಿ ತಾನೇ ಹೆಕ್ಕಿ ತಿನ್ನುತ್ತದೆ. ಅಪ್ಪ ಅಮ್ಮನ ಕೆಲಸ ಕಾವಲು, ಮತ್ತೆ ರೆಕ್ಕೆಯಡಿ ಬೆಚ್ಚಗಿಡುವುದು. ನಿಮಗೆ ಕೇಳುವ ಕಿರುಚಾಟ ‘ಅಲ್ಲಾಡದೆ ಕೂತ್ಕೊಳ್ಳಿ’ ಅಂತ ಮರಿಗಳಿಗೆ ಹೇಳುವ ಮಾತು.

ತಿನ್ನುವುದು ಹುಳ: ಇರುವೆ, ಗೆದ್ದಲು, ಜೇಡ, ದುಂಬಿ, ಮಣ್ಣು ಹಸಿಯಾಗಿದ್ದರೆ ಎರೆಹುಳು. ಬಾಸೂರು ಕಾವಲು ಅನ್ನುವ ಹುಲ್ಲುಗಾವಲಿನಲ್ಲಿ ಒಂದು ಮರಿಯನ್ನು ದೂರದಿಂದ ನೋಡುತ್ತಾ ಕೂತಿದ್ದೆ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ಓರೆ ಮಾಡಿ ನೆಲ ನೋಡುತ್ತದೆ, ಕುಕ್ಕುತ್ತದೆ. ಆಮೇಲೆ ಅರ್ಧ ಒಣಗಿದ ಸಗಣಿಯ ಅಂಚಿಗೆ ಹೋಯಿತು. ಅಲ್ಲಿಂದ ಕದಲಲೇ ಇಲ್ಲ! ಸಗಣಿಯೊಳಗೆ ನೊಣದ ಮರಿಹುಳ, ಸಗಣಿ ದುಂಬಿ ತುಂಬಿರುತ್ತವಲ್ಲ.

ಇಂಗ್ಲೆಂಡಿನ ದನದ ಹುಲ್ಲುಗಾವಲಿನಲ್ಲೂ ಇದೇ ಕಥೆ. ಅಲ್ಲಿಯ ಟಿಟ್ಟಿಭದ ಮರಿಗೂ ದುಂಬಿ, ಎರೆಹುಳು, ಮಣ್ಣಿನ ಮರಿಹುಳಗಳೇ ಊಟ. ನೆಲದ ನೀರು ಬಸಿದು, ಗೊಬ್ಬರ ಸುರಿದು ಹುಲ್ಲನ್ನು ದಟ್ಟವಾಗಿ ಬೆಳೆಸಿದ ಕಡೆ ಈ ಹಕ್ಕಿಗಳು ಬಹಳ ಕಡಿಮೆಯಾಗಿವೆ. ದಟ್ಟ ಹುಲ್ಲಿನಲ್ಲಿ ಮರಿಗೆ ಓಡಲೂ ಆಗದು, ಹುಳ ಕಾಣಲೂ ಕಾಣದು. ಹಾಗಾಗಿ ನಿಮ್ಮ ಹಸು ಮೇಯುವುದನ್ನು ನಿಲ್ಲಿಸಬೇಡಿ, ಮರಿಗಳಿರುವ ಮೂಲೆಗೆ ಮಾತ್ರ ಸದ್ಯ ಬಿಡಬೇಡಿ. ತುಳಿದುಬಿಟ್ಟಾವು.

ಪಶುವೈದ್ಯನಾಗಿ ಇನ್ನೊಂದು ಮಾತು ಹೇಳಲೇಬೇಕು. ಐವರ್‌ಮೆಕ್ಟಿನ್ ಥರದ ಜಂತುಹುಳದ ಔಷಧಿ ಸಗಣಿಯಲ್ಲೂ ಹೊರಬರುತ್ತದೆ, ಅದರಲ್ಲಿ ಬೆಳೆಯುವ ಹುಳಗಳನ್ನೂ ಕೊಲ್ಲುತ್ತದೆ. ಹಸುವಿಗೆ ಬೇಕಿದ್ದರೆ ಕೊಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಮ್ನೆ ವಾಡಿಕೆಗೆ ಅಂತ ಬೇಡ. ಸಗಣಿ ಪರೀಕ್ಷೆ ಮಾಡಿಸಿ, ನಿಮ್ಮೂರಿನ ಡಾಕ್ಟರನ್ನು ಕೇಳಿ. ಬೀಳಿನ ಸಗಣಿಯನ್ನೆಲ್ಲ ಬಾಚಿ ತಿಪ್ಪೆಗೆ ಸಾಗಿಸಬೇಡಿ, ಸ್ವಲ್ಪ ಅಲ್ಲೇ ಇರಲಿ. ನಾಯಿಯಿದ್ದರೆ ಕಟ್ಟಿಹಾಕಿ, ಮರಿಗಳು ಹಾರುವವರೆಗೆ. ಅದಕ್ಕೆ ಒಂದು ತಿಂಗಳಿಗಿಂತ ಜಾಸ್ತಿಯೇ ಹಿಡಿಯುತ್ತದೆ.