ಸಂಪಾದಕರ ಉತ್ತರ: ಆ ಪೊಲೀಸ್ ಅಧಿಕಾರಿ ಒಳ್ಳೆಯವನೋ ಕೆಟ್ಟವನೋ?

ಮಾನ್ಯರೇ,

ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ‘ಕಾಸಾಬ್ಲಾಂಕಾ’ ಚಿತ್ರದ ಲೇಖನವನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರ ಅನುಕೂಲಕ್ಕಾಗಿ ಪತ್ರದ ಸಾರವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವು ಆ ಚಿತ್ರವನ್ನು ಮತ್ತೊಮ್ಮೆ ನೋಡಿದಿರಿ. ಹುಡುಗಿ “ತಾತಾ, ಆ ಪೊಲೀಸಿನವನು ಒಳ್ಳೆಯವನೋ ಕೆಟ್ಟವನೋ?” ಎಂದು ಮೂರು ಸಲ ಕೇಳಿದಳು, ಮೂರು ಸಲವೂ ತಮ್ಮ ಉತ್ತರ ಬೇರೆಯಾಯಿತು. ಆ ಪಾತ್ರ ಮಾಡಿದ ಕ್ಲಾಡ್ ರೇನ್ಸ್ ಅವರ ಹೆಸರು ನಮ್ಮ ಲೇಖನದಲ್ಲಿ ಒಂದೇ ಸಲ, ಅದೂ ಕಂಸದೊಳಗೆ ಬಂದಿದೆ ಎಂಬುದು ತಮ್ಮ ಮೊದಲ ಆಕ್ಷೇಪ. ಅವರ ಮೊದಲ ಚಿತ್ರ 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ ಎಂದು ನಾವು ಬರೆದದ್ದು ತಪ್ಪಲ್ಲವೇ ಎಂಬುದು ಎರಡನೆಯದು. ನಾಲ್ಕು ಸಲ ಆಸ್ಕರ್ ಬಾಗಿಲಿನವರೆಗೆ ಹೋಗಿ ನಾಲ್ಕು ಸಲವೂ ಬರಿಗೈಯಲ್ಲಿ ಮರಳಿದ, ನಾಯಕನಾಗುವ ಯೋಗವಿಲ್ಲದ ನತದೃಷ್ಟ ಅವರು ಎಂಬುದು ತಮ್ಮ ತೀರ್ಮಾನ.

ಮೊದಲ ಎರಡು ಮಾತುಗಳನ್ನು ತಲೆಬಾಗಿ ಒಪ್ಪುತ್ತೇನೆ. ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ಓದಿದವನು ನಾನೇ ಆದ್ದರಿಂದ ತಪ್ಪೂ ನನ್ನದೇ. ರೇನ್ಸ್ 1920ರಲ್ಲಿಯೇ ‘ಬಿಲ್ಡ್ ದೈ ಹೌಸ್’ ಎಂಬ ಬ್ರಿಟಿಷ್ ಮೂಕಿಚಿತ್ರದಲ್ಲಿ ನಟಿಸಿದ್ದರು. ಅದಾದ ಮೇಲೆ ಹದಿಮೂರು ವರ್ಷ ಅವರು ರಂಗಭೂಮಿಯಲ್ಲಿಯೇ ಉಳಿದರು. ದನಿಯಿಂದಲೇ ಹೆಸರಾದ ಒಬ್ಬ ನಟ ಮೊದಲು ಕ್ಯಾಮೆರಾದ ಮುಂದೆ ನಿಂತದ್ದು ದನಿಯಿಲ್ಲದ ಚಿತ್ರಕ್ಕಾಗಿ ಎಂಬ ಸಂಗತಿಯನ್ನು ನಮ್ಮ ಲೇಖಕರು ಬಿಟ್ಟದ್ದು ನಷ್ಟವೇ ಸರಿ. ಮೂರನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಈ ಉತ್ತರ ಇಷ್ಟು ಉದ್ದವಾಗುವುದಕ್ಕೆ ಅದೇ ಕಾರಣ.

ಆ ದನಿ ಹುಟ್ಟಿನಿಂದ ಬಂದದ್ದಲ್ಲ. 1889ರ ನವೆಂಬರ್ 10ರಂದು ಲಂಡನ್ನಿನ ದಕ್ಷಿಣ ಭಾಗದ ಬಡ ಮನೆಯೊಂದರಲ್ಲಿ ಹುಟ್ಟಿದ ಈ ಹುಡುಗನಿಗೆ ಮಾತಿನಲ್ಲಿ ತೊಡಕಿತ್ತು, ಅದರ ಜೊತೆಗೆ ಆಡುವುದು ಹೊರಗಿನವರಿಗೆ ಅರ್ಥವೇ ಆಗದಂಥ ದಟ್ಟವಾದ ಕಾಕ್ನಿ, ಅಂದರೆ ಲಂಡನ್ನಿನ ದುಡಿಯುವ ಜನರ ಆಡುಮಾತು. ತಂದೆ ತಮ್ಮ ಬಾಲ್ಯದ ಮಾತನ್ನು ಅಣಕಿಸಿ ತೋರಿಸಿದಾಗ ತನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ ಎಂದು ಮಗಳು ಜೆಸಿಕಾ ಮುಂದೆ ನೆನಪಿಸಿಕೊಂಡಿದ್ದಾರೆ. ಹತ್ತು ಹನ್ನೊಂದರ ವಯಸ್ಸಿನಲ್ಲಿಯೇ ಹುಡುಗ ನಾಟಕಶಾಲೆಯ ಬಾಗಿಲು ತಟ್ಟಿದ. ಸರ್ ಹರ್ಬರ್ಟ್ ಬೀರ್ಬೋಮ್ ಟ್ರೀ ಅವರ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಅವನ ಕೆಲಸವೆಂದರೆ ಕಾಲ್‌ಬಾಯ್, ಅಂದರೆ ನಟರ ಕೋಣೆಗಳ ಬಾಗಿಲು ಬಡಿದು ನಿಮ್ಮ ಪ್ರವೇಶ ಬಂತು ಎಂದು ಕೂಗುವುದು. ಅಲ್ಲಿಂದ ಪ್ರಾಂಪ್ಟರ್ ಆದ, ಮುಂದೆ ರಂಗವ್ಯವಸ್ಥಾಪಕನಾದ. ಹುಡುಗನ ಹುರುಪನ್ನು ಗಮನಿಸಿದ ಟ್ರೀ ಮಾತು ತಿದ್ದಿಕೊಳ್ಳುವ ಪಾಠಕ್ಕೆ ಕೈಯಿಂದ ಹಣ ಕೊಟ್ಟರು. ನಮ್ಮ ನಾಟಕ ಕಂಪನಿಗಳ ಹಳಬರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ: ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನಿಗೆ ಇಡೀ ನಾಟಕ ಬಾಯಿಪಾಠ. ತನ್ನ ಮಾತಿಗಿಂತ ಎದುರಿನವರ ಮಾತಿನ ಮೇಲೆ ಕಿವಿಯಿಡುವ ಅಭ್ಯಾಸ ರೇನ್ಸ್ ಅವರಿಗೆ ಅಂಟಿದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ. 1920ರ ದಶಕದಲ್ಲಿ ಅವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಪಾಠ ಹೇಳುತ್ತಿದ್ದಾಗ ಎದುರಿಗೆ ಕುಳಿತ ವಿದ್ಯಾರ್ಥಿಗಳಲ್ಲಿ ಮುಂದೆ ಹೆಸರಾಂತ ನಟರಾದ ಜಾನ್ ಗೀಲ್ಗುಡ್ ಇದ್ದರು, ಚಾರ್ಲ್ಸ್ ಲಾಟನ್ ಇದ್ದರು.

ಇದರ ನಡುವೆ ಮೊದಲ ಮಹಾಯುದ್ಧ ಬಂದು ಹೋಗಿತ್ತು. ಲಂಡನ್ ಸ್ಕಾಟಿಷ್ ರೆಜಿಮೆಂಟಿನಲ್ಲಿದ್ದ ರೇನ್ಸ್ ಫ್ರಾನ್ಸಿನ ವಿಮಿ ಬಳಿ ವಿಷಾನಿಲದ ದಾಳಿಗೆ ಸಿಕ್ಕಿ ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. ಸೈನ್ಯ ಬಿಡುವ ಹೊತ್ತಿಗೆ ಕ್ಯಾಪ್ಟನ್ ಆಗಿದ್ದರು. ಕಣ್ಣಿನ ಈ ಸಂಗತಿಯನ್ನು ಅವರು ಜೀವನವಿಡೀ ಹೊರಗೆ ಆಡಲಿಲ್ಲ. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಹಾಲಿವುಡ್ಡಿಗೆ ಅವರು ಕಾಲಿಟ್ಟದ್ದು ನಲವತ್ತು ದಾಟಿದ ಮೇಲೆ. ಬೇರೊಂದು ಚಿತ್ರಕ್ಕಾಗಿ ಅವರು ಕೊಟ್ಟಿದ್ದ ಸ್ಕ್ರೀನ್ ಟೆಸ್ಟ್ ಕೆಟ್ಟದಾಗಿತ್ತು. ಆದರೆ ನಿರ್ದೇಶಕ ಜೇಮ್ಸ್ ವೇಲ್ ಅದರ ದನಿಯನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, ನನಗೆ ಬೇಕಾದವನು ಇವನೇ ಎಂದರೆಂಬ ಕಥೆ ಇದೆ. ಅದೃಶ್ಯ ಮನುಷ್ಯನ ಪಾತ್ರಕ್ಕೆ ಬೇಕಾಗಿದ್ದದ್ದು ದನಿಯೇ ತಾನೆ! ಚಿತ್ರದುದ್ದಕ್ಕೂ ಮುಖದ ಮೇಲೆ ಬ್ಯಾಂಡೇಜು, ಕಪ್ಪು ಕನ್ನಡಕ. ಬ್ಯಾಂಡೇಜು ಬಿಚ್ಚಿ ತಲೆಯೇ ಇಲ್ಲವೆಂದು ತೋರಿಸುವಾಗ, ತಂತ್ರಜ್ಞ ಜಾನ್ ಫುಲ್ಟನ್ ನಟನನ್ನು ಅಡಿಯಿಂದ ಮುಡಿಯವರೆಗೆ ಕಪ್ಪು ಮಖಮಲ್ಲಿನಲ್ಲಿ ಸುತ್ತಿ, ಹಿಂದೆಯೂ ಕಪ್ಪು ಮಖಮಲ್ಲಿನ ಪರದೆ ಕಟ್ಟಿ ಚಿತ್ರಿಸುತ್ತಿದ್ದರು. ರೇನ್ಸ್ ಅವರ ಮುಖ ಪ್ರೇಕ್ಷಕರಿಗೆ ಕಾಣುವುದು ಕಟ್ಟಕಡೆಗೆ, ಸತ್ತವನ ದೇಹ ಹಾಸಿಗೆಯ ಮೇಲೆ ಮೆಲ್ಲಗೆ ಮೂಡಿಬರುವಾಗ, ಕೆಲವೇ ಕ್ಷಣ. ಹಾಗಿದ್ದೂ ಆ ಒಂದು ಚಿತ್ರ ಅವರಿಗೆ ಹೆಸರು ತಂದಿತು.

ಈಗ ತಮ್ಮ ‘ನಾಯಕನಾಗುವ ಯೋಗವಿಲ್ಲದ’ ಎಂಬ ಮಾತಿಗೆ ಬರುತ್ತೇನೆ. ಯೋಗ ಬಂದಿತ್ತು. 1945ರ ‘ಸೀಸರ್ ಆ್ಯಂಡ್ ಕ್ಲಿಯೋಪಾತ್ರಾ’ದಲ್ಲಿ ವಿವಿಯನ್ ಲೀ ಎದುರು ಸೀಸರ್ ಆದವರು ಅವರೇ. ಆ ಕಾಲಕ್ಕೆ ವಿಪರೀತ ಎನ್ನುವಷ್ಟು ಹಣ ಸುರಿದು ತೆಗೆದ ಚಿತ್ರ, ಹಾಕಿದ ಹಣ ಹಿಂದಿರುಗಲಿಲ್ಲ. ಚಿತ್ರವನ್ನು ನೋಡಿದರೆ ರೇನ್ಸ್ ಅವರಲ್ಲಿ ದೋಷ ಕಾಣುವುದಿಲ್ಲ, ಆದರೂ ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಅವರ ಅಭಿನಯದ ಅರ್ಧ ಸೊಗಸು ಎಲ್ಲಿಗೋ ಹೋಗಿಬಿಟ್ಟಂತೆ ತೋರುತ್ತದೆ. ನಾವು ‘ಪೋಷಕ ನಟ’ ಎನ್ನುತ್ತೇವಲ್ಲ, ಆ ಪದ ಇಂಗ್ಲಿಷಿನದಕ್ಕಿಂತ ನನಗೆ ಹೆಚ್ಚು ಇಷ್ಟ. ಪೋಷಿಸುವವನು ಎದುರಿಗೊಬ್ಬರು ಇದ್ದರೆ ಮಾತ್ರ ಪೋಷಕ. ಹಾಲಿವುಡ್ ತಾರೆ ಬೆಟ್ಟಿ ಡೇವಿಸ್ ‘ಹ್ವಾರೆಸ್’ ಚಿತ್ರದಲ್ಲಿ ಮೂರನೆಯ ನೆಪೋಲಿಯನ್ ಪಾತ್ರದ ರೇನ್ಸ್ ಎದುರು ನಿಂತಾಗ, ಅವರು ಬಿಟ್ಟ ಕಣ್ಣಿಗೆ ಹೆದರಿ ನನ್ನ ನಟನೆ ಇವರಿಗೆ ಹಿಡಿಸಿಲ್ಲ ಎಂದೇ ಭಾವಿಸಿದ್ದರಂತೆ. ಅದು ನೆಪೋಲಿಯನ್ನನ ತಿರಸ್ಕಾರವೇ ಹೊರತು ರೇನ್ಸ್ ಅವರದ್ದಲ್ಲ ಎಂದು ತಿಳಿದದ್ದು ತಡವಾಗಿ. ಮುಂದೆ ‘ನೌ, ವಾಯೇಜರ್’, ‘ಮಿಸ್ಟರ್ ಸ್ಕೆಫಿಂಗ್ಟನ್’, ‘ಡಿಸೆಪ್ಷನ್’ ಚಿತ್ರಗಳಲ್ಲಿ ಇಬ್ಬರೂ ಜೊತೆಯಾದರು, ತನ್ನ ಮೆಚ್ಚಿನ ಸಹನಟರಲ್ಲಿ ರೇನ್ಸ್ ಒಬ್ಬರೆಂದು ಡೇವಿಸ್ ಕೊನೆಯವರೆಗೂ ಹೇಳುತ್ತಿದ್ದರು.

ಮೊಮ್ಮಗಳ ಪ್ರಶ್ನೆಯನ್ನು ಇಟ್ಟುಕೊಂಡೇ ನೋಡೋಣ. ‘ಕಾಸಾಬ್ಲಾಂಕಾ’ದ ಕ್ಯಾಪ್ಟನ್ ರೆನೋ ಲಂಚ ತಿನ್ನುತ್ತಾನೆ, ನಿರಾಶ್ರಿತ ಹೆಂಗಸರಿಗೆ ವೀಸಾ ಕೊಡಲು ಕೇಳಬಾರದ ಬೆಲೆ ಕೇಳುತ್ತಾನೆ. ಜೂಜು ನಡೆಯುತ್ತಿದೆಯೆಂದು ಆಘಾತ ನಟಿಸಿ ಚಿತ್ರದ ನಾಯಕ ರಿಕ್‌ನ ಕೆಫೆ ಮುಚ್ಚಿಸುವ ಗಳಿಗೆಯಲ್ಲಿಯೇ ಅದೇ ಜೂಜಿನಲ್ಲಿ ತಾನು ಗೆದ್ದ ಹಣ ಕೈಗೆ ಬಂದಾಗ ಮೆಲುದನಿಯಲ್ಲಿ ಧನ್ಯವಾದ ಹೇಳಿ ಇಸಿದುಕೊಳ್ಳುತ್ತಾನೆ. ಕಾಗದದ ಮೇಲೆ ಇವನು ನೀಚನೇ. ವಿಮಾನ ನಿಲ್ದಾಣದ ಕೊನೆಯ ದೃಶ್ಯದಲ್ಲಿ ಜರ್ಮನ್ ಅಧಿಕಾರಿ ಗುಂಡೇಟು ತಿಂದು ಬಿದ್ದಿದ್ದಾನೆ, ಪೊಲೀಸರು ಓಡಿ ಬಂದಿದ್ದಾರೆ. ಮೇಜರ್‌ಗೆ ಗುಂಡು ಬಿದ್ದಿದೆ ಎಂದು ಹೇಳಿದ ರೆನೋ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗಿ, ಪಿಸ್ತೂಲು ಹಿಡಿದ ರಿಕ್‌ನ ಕಡೆಗೊಮ್ಮೆ ನೋಡಿ, ಮಾಮೂಲಿ ಗುಮಾನಿ ಆಸಾಮಿಗಳನ್ನು ಎಳೆದು ತನ್ನಿ ಎಂದು ಆಜ್ಞೆ ಕೊಡುತ್ತಾನೆ. ಆ ಮೌನದಲ್ಲಿ ರೇನ್ಸ್ ಮುಖದ ಯಾವ ಸ್ನಾಯುವೂ ಅಲುಗುವುದಿಲ್ಲ. ಆಮೇಲೆ ಲೋಟಕ್ಕೆ ನೀರು ಸುರಿಯುತ್ತಾ ಬಾಟಲಿಯ ಮೇಲೆ ‘ವಿಶಿ’ ಎಂಬ ಹೆಸರು ನೋಡುತ್ತಾನೆ. ಅದು ಜರ್ಮನಿಗೆ ತಲೆಬಾಗಿದ ಫ್ರೆಂಚ್ ಸರ್ಕಾರದ ಊರು. ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿ ಬುಟ್ಟಿಯನ್ನು ಒದೆಯುತ್ತಾನೆ. ಚಿತ್ರದ ಆರಂಭದಿಂದಲೂ ಅವನು ಹೀಗೆಯೇ ಮಾಡಬಹುದು ಅಥವಾ ಮಾಡದಿರಬಹುದು ಎಂಬ ಎರಡೂ ಸಾಧ್ಯತೆಗಳನ್ನು ಸಮತೂಕದಲ್ಲಿ ಹಿಡಿದಿಟ್ಟವರು ರೇನ್ಸ್. ತಮ್ಮ ಉತ್ತರ ಮೂರು ಸಲ ಬದಲಾದದ್ದು ತಮ್ಮ ಗೊಂದಲದಿಂದಲ್ಲ.

ಇದಕ್ಕಿಂತ ಎತ್ತರದ ಕೆಲಸ, ನನ್ನ ಲೆಕ್ಕದಲ್ಲಿ, 1946ರ ‘ನಟೋರಿಯಸ್’. ಹಿಚ್‌ಕಾಕ್ ಅವರ ಈ ಚಿತ್ರದಲ್ಲಿ ರೇನ್ಸ್ ರಿಯೋ ಡಿ ಜನೈರೋದಲ್ಲಿ ಅಡಗಿರುವ ನಾಜಿ ಗುಂಪಿನ ಸೆಬಾಸ್ಟಿಯನ್. ಹೆಂಡತಿಯಾಗಿ ಬಂದವಳು ಅಮೆರಿಕದ ಗೂಢಚಾರಿಣಿ ಎಂದು ತಿಳಿದ ಮೇಲೆ ತಾಯಿಯ ಜೊತೆ ಸೇರಿ ಅವಳಿಗೆ ಕಾಫಿಯಲ್ಲಿ ದಿನದಿನವೂ ವಿಷ ಹಾಕುವವನು. ಇಂಥವನ ಮೇಲೆ ಕನಿಕರ ಹುಟ್ಟುವುದೆಂದರೇನು? ಆದರೆ ಹುಟ್ಟುತ್ತದೆ, ಏಕೆಂದರೆ ಚಿತ್ರದಲ್ಲಿ ಅವಳನ್ನು ಮುಚ್ಚುಮರೆಯಿಲ್ಲದೆ ಪ್ರೀತಿಸಿದವನು ಅವನೊಬ್ಬನೇ, ನಾಯಕ ಕ್ಯಾರಿ ಗ್ರಾಂಟ್ ಕೊನೆಯವರೆಗೂ ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ರೇನ್ಸ್ ಹೆಂಡತಿಯ ಪಾತ್ರದ ಇಂಗ್ರಿಡ್ ಬರ್ಗ್‌ಮನ್‌ಗಿಂತ ಗಿಡ್ಡ. ಇಬ್ಬರೂ ಜೊತೆಯಾಗಿ ನಡೆಯುವಲ್ಲಿ ಅವರ ಕಾಲಕೆಳಗೆ ಹಲಗೆ ಹಾಕಿ ಎತ್ತರಿಸಬೇಕಾಯಿತು. ತಾಯಿಯಾಗಿ ನಟಿಸಿದ ಲಿಯೊಪೋಲ್ಡೀನ್ ಕಾನ್‌ಸ್ಟಾಂಟಿನ್ ಅವರಿಗಿಂತ ಮೂರೇ ವರ್ಷ ದೊಡ್ಡವರು, ಆದರೂ ತಾಯಿಯ ಕೋಣೆಗೆ ಹೋಗಿ ಹಾಸಿಗೆಯ ಬದಿ ನಿಂತು ಸತ್ಯ ಹೇಳುವಾಗ ರೇನ್ಸ್ ಹೊಡೆತ ತಿಂದ ಶಾಲಾಬಾಲಕನಂತೆ ಕಾಣುತ್ತಾರೆ. ಕೊನೆಯಲ್ಲಿ ಗ್ರಾಂಟ್ ಅವಳನ್ನು ತೋಳಿನಲ್ಲಿ ಆತುಕೊಂಡು ಮೆಟ್ಟಿಲಿಳಿಯುವಾಗ, ಕೆಳಗೆ ನಿಂತ ನಾಜಿ ಸಂಗಾತಿಗಳಿಗೆ ಅನುಮಾನ ಬಾರದಂತೆ ಸೆಬಾಸ್ಟಿಯನ್ ಒಬ್ಬ ಆತಂಕಗೊಂಡ ಗಂಡನಂತೆ ನಟಿಸಬೇಕು. ನಟಿಸುತ್ತಿರುವವನನ್ನು ನಟಿಸುವುದು ಅದು. ಕಾರಿನ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆ, ತನ್ನನ್ನೂ ಕರೆದೊಯ್ಯಿರಿ ಎಂದು ಅವನು ಅಂಗಲಾಚಿದರೂ ಕಾರು ಹೊರಟುಬಿಡುತ್ತದೆ. ಮನೆಯೊಳಗಿನಿಂದ ಒಬ್ಬ ಶಾಂತವಾಗಿ ಕರೆಯುತ್ತಾನೆ. ಸಣ್ಣ ಆಕೃತಿಯ ಆ ಮನುಷ್ಯ ತಿರುಗಿ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ. ಚಿತ್ರ ಮುಗಿಯುವುದು ನಾಯಕ ನಾಯಕಿಯರ ಮೇಲಲ್ಲ, ರೇನ್ಸ್ ಅವರ ಬೆನ್ನಿನ ಮೇಲೆ.

ಇನ್ನು ಆಸ್ಕರ್ ವಿಚಾರ. 1939ರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನ ಭ್ರಷ್ಟ ಸೆನೆಟರ್ ಪಾತ್ರಕ್ಕೆ ಮೊದಲ ನಾಮನಿರ್ದೇಶನ. ಗೆದ್ದವರು ‘ಸ್ಟೇಜ್‌ಕೋಚ್’ನ ಥಾಮಸ್ ಮಿಚೆಲ್. ಅವರು ‘ಮಿಸ್ಟರ್ ಸ್ಮಿತ್’ನಲ್ಲಿಯೂ ಪತ್ರಕರ್ತನಾಗಿ ಇದ್ದರು ಎಂಬುದು ತಮಾಷೆ. ಆ ದಿನಗಳಲ್ಲಿ ಗೆದ್ದಿದ್ದರೂ ಸಿಗುತ್ತಿದ್ದದ್ದು ಚಿನ್ನದ ಬೊಂಬೆಯಲ್ಲ: 1936ರಲ್ಲಿ ಆರಂಭವಾದ ಪೋಷಕ ಪಾತ್ರಗಳ ಪ್ರಶಸ್ತಿಗೆ ಮೊದಲ ಏಳು ವರ್ಷ ಫಲಕ ಮಾತ್ರ ಕೊಡುತ್ತಿದ್ದರು. ‘ಕಾಸಾಬ್ಲಾಂಕಾ’ಕ್ಕೆ ಎದುರಾಗಿ ಚಾರ್ಲ್ಸ್ ಕೋಬರ್ನ್, ‘ಸ್ಕೆಫಿಂಗ್ಟನ್’ಗೆ ಎದುರಾಗಿ ಬ್ಯಾರಿ ಫಿಟ್ಜ್‌ಜೆರಾಲ್ಡ್ ಗೆದ್ದರು. ಫಿಟ್ಜ್‌ಜೆರಾಲ್ಡ್ ಅವರನ್ನಂತೂ ಒಂದೇ ಪಾತ್ರಕ್ಕೆ ನಾಯಕ ನಟ, ಪೋಷಕ ನಟ ಎರಡೂ ವಿಭಾಗಗಳಲ್ಲಿ ಸೇರಿಸಿ, ಆಮೇಲೆ ನಿಯಮವನ್ನೇ ಬದಲಿಸಬೇಕಾಯಿತು.

‘ನಟೋರಿಯಸ್’ಗೆ ಎದುರಾಗಿ ಗೆದ್ದವರು ಹೆರಾಲ್ಡ್ ರಸೆಲ್. ಅವರು ವೃತ್ತಿನಟರಲ್ಲ, ಸೈನ್ಯದ ತರಬೇತಿಯಲ್ಲಿ ಸ್ಫೋಟಕ ಸಿಡಿದು ಎರಡೂ ಕೈ ಕಳೆದುಕೊಂಡ ಯೋಧ. ಯುದ್ಧದಿಂದ ಮರಳಿದ, ಕೈಗಳ ಜಾಗದಲ್ಲಿ ಕೊಕ್ಕೆಗಳಿರುವ ನಾವಿಕನಾಗಿ ಅವರು ಬಹುಪಾಲು ತಮ್ಮ ಬದುಕನ್ನೇ ತೆರೆಯ ಮೇಲಿಟ್ಟಿದ್ದರು. ಅದೊಂದೇ ಪಾತ್ರಕ್ಕೆ ಅವರಿಗೆ ಎರಡು ಆಸ್ಕರ್ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಆ ರಾತ್ರಿ ಅವರೆದುರು ಸೋತವರೂ ಒಬ್ಬ ಗಾಯಾಳು ಯೋಧ ಎಂಬುದು ಎಷ್ಟು ಜನರಿಗೆ ಹೊಳೆದಿತ್ತೋ. ಒಬ್ಬರ ಗಾಯ ಎಲ್ಲರ ಕಣ್ಣೆದುರಿಗಿತ್ತು. ಇನ್ನೊಬ್ಬರದು ಅದೃಶ್ಯ ಮನುಷ್ಯನ ಕಪ್ಪು ಕನ್ನಡಕದ ಹಿಂದೆಯೂ ರೆನೋನ ತುಂಟ ನೋಟದ ಹಿಂದೆಯೂ ಅಡಗಿತ್ತು, ಅಡಗಿಸಿಟ್ಟವರು ಅವರೇ. ಇದನ್ನು ದುರದೃಷ್ಟವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಬರಿಗೈ ಎಂಬ ಮಾತೂ ಪೂರ್ತಿ ನಿಜವಲ್ಲ. 1951ರಲ್ಲಿ ಆರ್ಥರ್ ಕೋಸ್ಲರ್ ಕಾದಂಬರಿಯ ರಂಗರೂಪ ‘ಡಾರ್ಕ್‌ನೆಸ್ ಅಟ್ ನೂನ್’ನಲ್ಲಿ ಸೆರೆಮನೆಯಲ್ಲಿರುವ ಹಳೆಯ ಕ್ರಾಂತಿಕಾರಿ ರುಬಷೋವ್ ಆಗಿ ಅವರು ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಯನ್ನು ಶ್ರೇಷ್ಠ ನಟನಾಗಿ ಪಡೆದರು. ಅದು ನಾಯಕ ಪಾತ್ರವೇ. ಆಗ ಅವರಿಗೆ ಅರವತ್ತೊಂದು. ಬಿಡುವಿದ್ದಾಗ ಪೆನ್ಸಿಲ್ವೇನಿಯಾದ ತಮ್ಮ ಜಮೀನಿನಲ್ಲಿ ಬೇಸಾಯ ಮಾಡಿಕೊಂಡಿರುತ್ತಿದ್ದರು. ಆರು ಮದುವೆಗಳಾದವು, ಆ ಪುರಾಣ ಇಲ್ಲಿ ಬೇಡ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಕೈರೋದ ಕಚೇರಿಯಲ್ಲಿ ಕುಳಿತು ಎಲ್ಲವನ್ನೂ ಬಲ್ಲ, ಯಾವುದನ್ನೂ ಪೂರ್ತಿ ಹೇಳದ ಡ್ರೈಡನ್ ಅವರೇ. 1967ರ ಮೇ 30ರಂದು ನ್ಯೂ ಹ್ಯಾಂಪ್‌ಷೈರಿನಲ್ಲಿ ತೀರಿಕೊಂಡರು.

ಮೊದಲ ಚಿತ್ರದ ಬಗೆಗಿನ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಹಾಕಿದ್ದೇವೆ. ಮೊಮ್ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ‘ನಟೋರಿಯಸ್’ ತೋರಿಸಿ. ಆ ಬಾಗಿಲು ಮುಚ್ಚಿದ ಮೇಲೆ ಅವಳು ಅದೇ ಪ್ರಶ್ನೆ ಕೇಳಿದರೆ ತಾವು ಏನು ಹೇಳಿದಿರಿ ಎಂದು ನಮಗೂ ಒಂದು ಸಾಲು ಬರೆಯಿರಿ.

ತಮ್ಮ ವಿಶ್ವಾಸಿ,
ಸಂಪಾದಕ