ಟೆಕ್ಸಾಸ್ ಶಿಕ್ಷಣ ಮಂಡಳಿಯ ಅಭ್ಯರ್ಥಿ ಪಠ್ಯಪುಸ್ತಕ ಮತ್ತು ಶಾಲಾ ಆಯ್ಕೆಯ ಬಗ್ಗೆ ಹೇಳುವ ಮಾತಿಗೆ ಎಷ್ಟು ತೂಕವಿದೆ?

ಪಠ್ಯಪುಸ್ತಕದ ವಿಷಯದಲ್ಲಿ ಬಹಳ ತೂಕವಿದೆ. ಶಾಲಾ ಆಯ್ಕೆಯ ವಿಷಯದಲ್ಲಿ ಕಡಿಮೆ.

ನಮ್ಮಲ್ಲಿ ಪಠ್ಯ ಪರಿಷ್ಕರಣಾ ಸಮಿತಿಯನ್ನು ಸರ್ಕಾರ ನೇಮಿಸುತ್ತದೆ. ಟೆಕ್ಸಾಸ್‌ನಲ್ಲಿ ಹಾಗಲ್ಲ. ರಾಜ್ಯ ಶಿಕ್ಷಣ ಮಂಡಳಿಯ 15 ಸದಸ್ಯರನ್ನೂ ಜನರೇ ಪಕ್ಷದ ಆಧಾರದ ಮೇಲೆ ಆರಿಸುತ್ತಾರೆ. ಮಕ್ಕಳು ಏನು ಕಲಿಯಬೇಕೆಂಬ ಮಾನದಂಡ ಬರೆಯುವವರೂ ಪುಸ್ತಕಗಳಿಗೆ ಅನುಮೋದನೆ ಕೊಡುವವರೂ ಇವರೇ. ಒಂದು ಮತದ ಬೆಲೆ ತಿಳಿಯಲು 2024ರ ನವೆಂಬರ್ ನೋಡಿ: ಬೈಬಲ್ ಕಥೆಗಳಿರುವ 'ಬ್ಲೂಬಾನೆಟ್' ಪ್ರಾಥಮಿಕ ಪಠ್ಯಕ್ಕೆ 8–7ರ ಅಂತರದಲ್ಲಿ ಒಪ್ಪಿಗೆ ಸಿಕ್ಕಿತು. ಶಾಲೆಗಳು ಅದನ್ನು ಬಳಸಲೇಬೇಕೆಂದಿಲ್ಲ, ಆದರೆ ಬಳಸಿದರೆ ಪ್ರತಿ ವಿದ್ಯಾರ್ಥಿಗೆ 60 ಡಾಲರ್‌ವರೆಗೆ ಹೆಚ್ಚುವರಿ ಅನುದಾನವಿದೆ. ಹಣದ ಕೊರತೆಯಿರುವ ಶಾಲೆಗೆ ಇದು ಸಣ್ಣ ಒತ್ತಡವಲ್ಲ.

ಶಾಲಾ ಆಯ್ಕೆ ಎಂದರೆ ಮುಖ್ಯವಾಗಿ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರದ ಹಣ. ಇದನ್ನು ನಿರ್ಧರಿಸಿದ್ದು ಶಾಸನಸಭೆ. 2025ರ ಮೇ ತಿಂಗಳಲ್ಲಿ ಗವರ್ನರ್ ಗ್ರೆಗ್ ಅಬಾಟ್ ಅದಕ್ಕೆ ಸಹಿ ಹಾಕಿದರು. 100 ಕೋಟಿ ಡಾಲರ್‌ಗಳ ಆ ಯೋಜನೆಯ ಉಸ್ತುವಾರಿ ರಾಜ್ಯದ ಹಣಕಾಸು ಅಧಿಕಾರಿಯದು, ಮಂಡಳಿಯದಲ್ಲ. ಈ ವಿಷಯದಲ್ಲಿ ಹೊಸ ಚಾರ್ಟರ್ ಶಾಲೆಗಳನ್ನು, ಅಂದರೆ ಸರ್ಕಾರದ ಹಣದಲ್ಲಿ ಸ್ವತಂತ್ರ ಸಂಸ್ಥೆಗಳು ನಡೆಸುವ ಶಾಲೆಗಳನ್ನು, ತಡೆಯುವ ಅಧಿಕಾರ ಮಾತ್ರ ಮಂಡಳಿಗಿದೆ.

ಆದ್ದರಿಂದ ಡಲ್ಲಾಸ್, ಆಸ್ಟಿನ್‌ಗಳಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ: ಅಭ್ಯರ್ಥಿ ಎದುರಾದಾಗ ಖಾಸಗಿ ಶಾಲೆಯ ಶುಲ್ಕದ ಬಗ್ಗೆ ಕೇಳಿ ಸಮಯ ಕಳೆಯಬೇಡಿ. ಇತಿಹಾಸದ ಪಾಠದಲ್ಲಿ ಏನನ್ನು ಉಳಿಸುತ್ತೀರಿ, ಏನನ್ನು ಬಿಡುತ್ತೀರಿ ಎಂದು ಬಿಡಿಸಿ ಕೇಳಿ.